ಹಿಂದಿನ ಚಕ್ರದ ಹೊಳಪು

"ಬ್ರೇಕ್ ಬದಲಾಯಿಸ್ಬೇಕು. ಎಷ್ಟು ಹೊತ್ತಾಗತ್ತೆ, ಹೇಳಿ."

ಆ ದನಿ ಕೇಳಿ ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು. ಹೇಳಿ ಅಂತೆ! ಮೂರು ವರ್ಷದ ಹಿಂದೆ ಇದೇ ಹುಡುಗಿ ಇದೇ ಸೈಕಲ್ ಅಂಗಡಿ ಬಾಗಿಲಲ್ಲಿ ನಿಂತು "ಹೊಟ್ಟೆ ಹಸೀತಿದೆ ಕಣೋ, ಬೇಗ ಬಾರೋ" ಎಂದು ಅಧಿಕಾರ ಚಲಾಯಿಸುತ್ತಿದ್ದಳು.

ಇವನ ಮುಖ ನೋಡಬಾರದೆಂದು ದಾರಿಯುದ್ದಕ್ಕೂ ಶಪಥ ಮಾಡಿಕೊಂಡು ಬಂದವಳು ಮೊದಲು ನೋಡಿದ್ದೇ ಮುಖವನ್ನು. ಎಷ್ಟು ಸೊರಗಿದ್ದಾನೆ...

ಛೆ! ಸೊರಗಿದರೆ ನನಗೇನು?

ಸೈಕಲ್ ಅವಳ ಅಣ್ಣನದು, ಹಳೆಯ ಮೌಂಟನ್ ಬೈಕ್. ಇವನು ಬ್ರೇಕ್ ಸರಿಮಾಡಿ ಕೊಟ್ಟ ಎರಡನೆಯ ದಿನವೇ ಅದು ಇಳಿಜಾರಿನಲ್ಲಿ ಕೈಕೊಟ್ಟಿತ್ತು. ಅಣ್ಣ ಗೋಡೆಗೆ ಗುದ್ದಿದ. ಇವತ್ತಿಗೂ ಕುಂಟುತ್ತಾನೆ. "ಕೇಬಲ್ ಸಡಿಲ ಬಿಟ್ಟಿದ್ದೆ, ತಪ್ಪು ನಂದೇ" ಎಂದು ಇವನು ಆಸ್ಪತ್ರೆಯಲ್ಲಿ ಎಲ್ಲರೆದುರು ಒಪ್ಪಿಕೊಂಡಿದ್ದ. ಅವರಿಬ್ಬರ ಮದುವೆಗೆ ಇನ್ನೊಂದೇ ತಿಂಗಳಿತ್ತು!

"ನಮ್ಮನೆ ಹೊಸಿಲು ತುಳಿದ್ರೆ ನನ್ನ ಹೆಣ ನೋಡ್ತೀಯ" ಎಂದು ಅವಳು ಚೀರಿದ್ದಳು.

ಅವನು ತುಳಿಯಲಿಲ್ಲ. ಒಮ್ಮೆಯಾದರೂ ಬಂದು ಬಾಗಿಲು ಬಡಿಯಬಾರದಿತ್ತೇ ಎಂದು ಅವಳು ಎಷ್ಟು ಅತ್ತಿದ್ದಳೋ!

"ಅಣ್ಣ ಮತ್ತೆ ಸೈಕಲ್ ಹತ್ಬೇಕಂತೆ. ನಿಮ್ಮ ಹತ್ರಾನೇ ಕೊಡ್ಬೇಕು ಅಂತ ಹಟ. ಡಿಸ್ಕ್ ಬ್ರೇಕ್ ಹಾಕಿ."

"ಹಳೇ ಫ್ರೇಮು... ಹಿಂದೆ ಡಿಸ್ಕ್ ಕೂರಿಸೋಕೆ ಜಾಗ ಇಲ್ಲ." ಅವನು ಸೈಕಲ್ಲಿಗೇ ಹೇಳುವವನಂತೆ ಹೇಳಿದ. "ಮುಂದೆ ಫೋರ್ಕು, ಚಕ್ರ ಎರಡೂ ಬದಲಾಯಿಸಿ ಡಿಸ್ಕ್ ಹಾಕ್ತೀನಿ. ಹಿಂದೆ ಹಳೇ ಥರಾನೇ ರಬ್ಬರ್ ಬ್ರೇಕು, ಹೊಸದು. ಸಂಜೆಗೆ ಆಗತ್ತೆ."

"ಕಾಯ್ತೀನಿ. ಈ ಸಲ ನನ್ನ ಕಣ್ಣೆದುರೇ ಆಗ್ಲಿ."

ಚುಚ್ಚಬೇಕೆಂದೇ ಅಂದಳು. ಅವನು ಸುಮ್ಮನೆ ತಲೆಯಾಡಿಸಿದ.

ಅವಳದು ಮರದ ಸಾಮಾನಿಗೆ ಪಾಲಿಶ್ ಹಾಕುವ ಕೆಲಸ. ಮಂಕಾದದ್ದು ಏನೇ ಕಂಡರೂ ಕೈ ಸುಮ್ಮನಿರದು. ಬ್ಯಾಗಿನಲ್ಲಿ ಮೇಣದ ಪಾಲಿಶ್ ಡಬ್ಬಿ ಸದಾ ಇರುತ್ತಿತ್ತು. ಮಧ್ಯಾಹ್ನ ಅವನು ಮುಂದಿನ ಚಕ್ರದಲ್ಲಿ ಮುಳುಗಿದ್ದಾಗ ಅವಳು ಹಿಂದಿನ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡಳು. ಪಾಪ ಅಣ್ಣ, ಮೂರು ವರ್ಷದ ಮೇಲೆ ಹತ್ತುತ್ತಾನೆ, ಮಿಂಚಲಿ... ಬಟ್ಟೆಗೆ ಪಾಲಿಶ್ ಹಚ್ಚಿ ರಿಮ್ ಉಜ್ಜತೊಡಗಿದಳು.

"ಗುಬ್ಬೀ, ಬೇಡ!"

ಹಳೆಯ ಮುದ್ದಿನ ಹೆಸರು ಹಿಡಿದು ಕೂಗುತ್ತಾ ಅವನು ಹಾರಿಬಂದು ಬಟ್ಟೆ ಕಿತ್ತುಕೊಂಡ. "ಬ್ರೇಕ್ ರಬ್ಬರ್ ಹಿಡಿಯೋ ಜಾಗ ಅದು! ಅಲ್ಲಿ ಮೇಣ ಬಿದ್ರೆ ಜಾರ..."

ಮಾತು ಅರ್ಧಕ್ಕೇ ನಿಂತಿತು. ಅವನ ಮುಖದ ಬಣ್ಣ ಇಳಿದುಹೋಯಿತು.

ಅವಳಿಗೆ ಆ ಸಂಜೆ ನೆನಪಾಯಿತು. ಅಣ್ಣ ಬೀಳುವ ಹಿಂದಿನ ದಿನದ ಸಂಜೆ. ಅಂಗಳದಲ್ಲಿ ಕೂತು, ಹಾಡು ಗುನುಗುತ್ತಾ, ಇದೇ ಪಾಲಿಶ್‌ನಿಂದ ಎರಡೂ ಚಕ್ರಗಳನ್ನು ಫಳಫಳ ಹೊಳೆಯಿಸಿದ್ದಳು!

"ಕೇಬಲ್... ಸಡಿಲ ಇರ್ಲಿಲ್ಲ ಅಲ್ವಾ?"

ಅವನು ಕಿತ್ತುಕೊಂಡ ಬಟ್ಟೆಯನ್ನು ಮಡಚತೊಡಗಿದ.

"ನಿಂಗೆ ಗೊತ್ತಿತ್ತಾ? ಹೇಳೋ!"

"ಆವತ್ತೇ ಗೊತ್ತಾಯ್ತು. ರಿಮ್‌ಗೆ ಬೆರಳು ತಾಗಿಸಿದ ತಕ್ಷಣ, ನಿನ್ನ ಪಾಲಿಶ್ ವಾಸನೆ."

"ಮತ್ಯಾಕೆ ನಿನ್ನ ತಲೆ ಮೇಲೆ ಹಾಕ್ಕೊಂಡೆ?"

"ಆಸ್ಪತ್ರೆಯಲ್ಲಿ ನೀನು ಗೋಡೆ ಹಿಡ್ಕೊಂಡು ನಿಂತಿದ್ದೆ ಗುಬ್ಬಿ. ಅಣ್ಣನ್ನ ಬೀಳಿಸಿದ್ದು ನೀನೇ ಅಂತ ನಾನು ಹೆಂಗೆ ಹೇಳ್ಲಿ? ನನ್ನ ಮೇಲೆ ಕೋಪ ಇದ್ರೆ ನೀನು ಹೆಂಗೋ ಬದುಕ್ತೀಯ ಅನ್ಕೊಂಡೆ."

ಅವಳು ನೆಲಕ್ಕೆ ಕುಸಿದಳು. ಅಣ್ಣನ ಕಾಲು... ಇವನ ಮೂರು ವರ್ಷ... ನನ್ನ ಮೂರು ವರ್ಷ... ಎಲ್ಲವನ್ನೂ ಈ ಕೈಗಳೇ ತಿಂದುಹಾಕಿದವಲ್ಲಾ! ಬಿಕ್ಕಿ ಬಿಕ್ಕಿ ಅತ್ತಳು. ಅವನು ಪಕ್ಕದಲ್ಲಿ ಕೂತು, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ರಿಮ್ ಒರೆಸುತ್ತಲೇ ಇದ್ದ. ಅವನ ಕಣ್ಣೂ ತುಂಬಿತ್ತು.

"ನನ್ನನ್ನ ಇಷ್ಟು ಪ್ರೀತಿಸಿದ್ಯಾ?"

"ಪ್ರೀತಿಸಿದ್ದೆ ಅಲ್ಲ. ಈಗ್ಲೂ..."

ಸಂಜೆ ಸೈಕಲ್ ಸಿದ್ಧವಾಯಿತು. "ಹೊಸ ಡಿಸ್ಕ್ ಮೊದಲ ಹಿಡಿತಕ್ಕೇ ಪೂರ್ತಿ ನಿಲ್ಸಲ್ಲ. ನಿಧಾನಕ್ಕೆ ಓಡಿಸಿ, ಹಿಡಿದು, ಬಿಟ್ಟು ಪಳಗಿಸ್ಬೇಕು. ಅಣ್ಣಂಗೆ ಹೇಳು."

"ಎಲ್ಲಾ ಹೇಳ್ತೀನಿ. ಪಾಲಿಶ್ ಹಾಕಿದ್ದು ನಾನು ಅಂತಾನೂ." ಅವಳು ಕಣ್ಣೊರೆಸಿಕೊಂಡಳು. "ಒಬ್ಳೇ ಹೇಳೋಕೆ ಭಯ ಆಗ್ತಿದೆ. ಬರ್ತೀಯಾ?"

"ಬಾಗಿಲವರೆಗೂ ಬರ್ತೀನಿ."

"ಒಳಗೆ?"

"ಹೊಸಿಲು ತುಳೀಬೇಡ ಅಂದಿದ್ಯಲ್ಲ..."

ಅವಳು ಗ್ರೀಸ್ ಮೆತ್ತಿದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನೇ ಕೈ ಹಿಡಿದು ದಾಟಿಸ್ತೀನಿ, ಬಾರೋ."