ಮೂವತ್ತೇಳು ಮಂದಿಯ ಪ್ರಶ್ನೆ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಹೆಂಗಸೊಬ್ಬಳು ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಅವರ ಮೇಜಿನ ಮೇಲೆ ಎರಡು ಕಾಗದ ಇಟ್ಟಳು. ಒಂದು, ದೇಶದಲ್ಲಿ ವಾಸಿಸಲು ಕೊಡುವ ಪರವಾನಗಿ ಚೀಟಿ. ಇನ್ನೊಂದು, ಆ ಚೀಟಿ ನಕಲಿ ಎಂದೂ ಬರುವ ಶನಿವಾರದೊಳಗೆ ದೇಶ ಬಿಡಬೇಕೆಂದೂ ವಲಸೆ ಕಚೇರಿ ಹೊರಡಿಸಿದ ಆದೇಶ. ಆಕೆ ಬಂದ ಹೊತ್ತನ್ನು ಹೆಡ್ ಕಾನ್‌ಸ್ಟೆಬಲ್ ಬರೆದುಕೊಂಡ. ಅವನು ನೀರು ಕುಡಿದರೂ ಹೊತ್ತು ಬರೆಯುವವನು. ಠಾಣೆಯಲ್ಲಿ ಎಲ್ಲರೂ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಅವನ ಹೆಂಡತಿಯೂ.

"ಈ ಚೀಟಿ ಯಾರು ಕೊಟ್ಟಿದ್ದು?" ಇನ್‌ಸ್ಪೆಕ್ಟರ್ ಕೇಳಿದರು.

"ಅಂಚೆಯಲ್ಲಿ ಬಂತು ಮೇಡಂ. ಸರ್ಕಾರದ ಲಕೋಟೆ. ಹಿಂದಿನ ದಿನ ಒಂದು ಫೋನ್ ಬಂದಿತ್ತು. 'ನಿಮ್ಮ ಕೆಲಸ ಆಯ್ತಮ್ಮ, ಇನ್ನು ನೆಮ್ಮದಿಯಾಗಿರಿ' ಅಂದ್ರು."

"ಯಾರು ಅಂತ ಕೇಳಲಿಲ್ವಾ?"

"ಒಂಬತ್ತು ವರ್ಷ ಕಾದಿದ್ದೆ. ಯಾರಾದ್ರೇನು ಅನ್ನಿಸ್ತು."

"ದುಡ್ಡು ಎಷ್ಟು ತಗೊಂಡ್ರು?"

"ಏನೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ."

ಗಡಿಯಾರ ಬರೆಯುವುದನ್ನು ನಿಲ್ಲಿಸಿ ಆಕೆಯ ಮುಖ ನೋಡಿದ. ಅರ್ಜಿ ಎಲ್ಲೆಲ್ಲಿ ಕೊಟ್ಟಿದ್ದಿರಿ ಎಂದು ಕೇಳಿದ್ದಕ್ಕೆ ಆಕೆ ಬೆರಳು ಮಡಿಸುತ್ತ ಹೋದಳು: ವಲಸೆ ಕಚೇರಿ, ಒಬ್ಬ ವಕೀಲರು, ಕಾರ್ಮಿಕ ಸಂಘ, ಶಾಸಕರ ಕಚೇರಿ. "ಮುಳುಗೋರಿಗೆ ಹುಲ್ಲುಕಡ್ಡೀನೂ ಆಸರೆ ಅಲ್ವಾ ಮೇಡಂ" ಅಂದಳು. ಮಗಳು ಇಲ್ಲಿಯೇ ಹುಟ್ಟಿದವಳಂತೆ. "ಅಲ್ಲಿಯ ಭಾಷೇಲಿ ಅವಳಿಗೆ ಜಗಳ ಆಡೋಕೂ ಬರಲ್ಲ. ಅಲ್ಲಿಗೆ ಕರ್ಕೊಂಡು ಹೋಗಿ ಏನು ಮಾಡ್ಲಿ?"

ಹನ್ನೊಂದು ಮೂವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಮೋಸ ಮತ್ತು ನಕಲಿ ದಾಖಲೆ ಸೃಷ್ಟಿ, ಆರೋಪಿ ಅಪರಿಚಿತ. ಆಕೆ ಹೋದ ಮೇಲೆ ಗಡಿಯಾರ ತಲೆ ಕೆರೆದುಕೊಂಡ. "ದುಡ್ಡು ಮುಟ್ಟದ ಮೋಸಗಾರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ ಮೇಡಂ. ಇವನಿಗೆ ಹುಚ್ಚಾ?"

ಮಧ್ಯಾಹ್ನ ಇಬ್ಬರೂ ವಲಸೆ ಕಚೇರಿಗೆ ಹೋದರು. ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದ ಆ ಹಾಲಿನಲ್ಲಿ ಜನ ಟೋಕನ್ ಹಿಡಿದು, ಗೋಡೆಯ ಮೇಲಿನ ಕೆಂಪು ಅಂಕಿಗಳನ್ನು ನೋಡುತ್ತ ಕೂತಿದ್ದರು. ಅಧಿಕಾರಿ ಒಳ್ಳೆಯ ಮನುಷ್ಯ, ಆದರೆ ಮಾತು ಮಾತ್ರ ಕಡ್ಡಿ ತುಂಡು ಮಾಡಿದ ಹಾಗೆ.

"ಆಕೆಯ ನಿಜವಾದ ಅರ್ಜಿ ಏನಾಯ್ತು?"

"ಮುಕ್ತಾಯ ಆಗಿದೆ. ಏಳು ತಿಂಗಳ ಹಿಂದೆ ಸಂದರ್ಶನಕ್ಕೆ ಕರೆದ್ವಿ. ಬರಲಿಲ್ಲ."

"ಕರೆದಿದ್ದೇ ಆಕೆಗೆ ಗೊತ್ತಿಲ್ಲ."

"ಪತ್ರ ಕಳಿಸಿದೀವಿ. ವಾಪಸ್ ಬಂದಿಲ್ಲ. ಅಂದ್ರೆ ತಲುಪಿದೆ."

"ಇಂಥ ನಕಲಿ ಚೀಟಿ ಎಷ್ಟು ಸಿಕ್ಕಿವೆ?"

"ನಾಲ್ಕು. ನೋಡಿ ಮೇಡಂ, ಮೋಸ ಹೋದೆ ಅಂತ ಎಲ್ರೂ ಹೇಳ್ತಾರೆ. ಮೋಸ ಮಾಡಿದೋನನ್ನ ತೋರಿಸಿ. ಅವನು ಸಿಕ್ರೆ ಆಕೆ ಸಾಕ್ಷಿ. ಕೇಸು ಮುಗಿಯೋ ತನಕ ಸಾಕ್ಷಿಯನ್ನ ನಾವು ಕಳಿಸಲ್ಲ. ಸಿಗದಿದ್ರೆ ಆಕೆಯೇ ಆರೋಪಿ. ಶುಕ್ರವಾರ ಸಂಜೆ ಐದರ ತನಕ ಟೈಮ್ ಇದೆ."

ಮಂಗಳವಾರ ಬರೀ ಓಡಾಟದಲ್ಲೇ ಕಳೆಯಿತು. ಫೋನ್ ನಂಬರು ಎಂದೋ ತೀರಿಕೊಂಡವರ ಹೆಸರಿನಲ್ಲಿತ್ತು. ಲಕೋಟೆಯ ಮೇಲಿದ್ದದ್ದು ದೊಡ್ಡ ಅಂಚೆ ಕಚೇರಿಯ ಮುದ್ರೆ. ದಿನಕ್ಕೆ ಸಾವಿರಾರು ಲಕೋಟೆ ಬೀಳುವ ಜಾಗ. ವಕೀಲರು ಆಕೆಯ ಮುಖವೇ ನೆನಪಿಲ್ಲ ಅಂದರು. ಕಾರ್ಮಿಕ ಸಂಘದವರು ಅರ್ಜಿಯ ಮೇಲೆ ಟೀ ಲೋಟ ಇಟ್ಟಿದ್ದರು. ಶಾಸಕರ ಕಚೇರಿಗೆ ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು. ಸಂಜೆ ಆರಕ್ಕೆ ಗಡಿಯಾರ ದಿನಚರಿಯಲ್ಲಿ 'ಸುಳಿವಿಲ್ಲ' ಎಂದು ಬರೆದು ಮನೆಗೆ ಹೋದ.

ಬುಧವಾರ ಮೂರೂ ಕಾಲಿಗೆ ಮೇಲಧಿಕಾರಿಗಳ ಕಚೇರಿಯಿಂದ ಒಂದು ಕಾಗದ ಬಂತು. ಈ ಕ್ಷೇತ್ರದ ಶಾಸಕಿ ಸದನದಲ್ಲಿ ತುರ್ತು ಪ್ರಶ್ನೆ ಕೇಳಿದ್ದರು. 'ಕ್ಷೇತ್ರದಲ್ಲಿ ಮೂವತ್ತೇಳು ಮಂದಿ ವಲಸಿಗರು ನಕಲಿ ವಾಸದ ಪರವಾನಗಿಯಿಂದ ಮೋಸ ಹೋಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಪೊಲೀಸರು ಕೈಗೊಂಡ ಕ್ರಮವೇನು?' ಉತ್ತರಕ್ಕೆ ಗುರುವಾರ ಸಂಜೆಯ ಗಡುವು. ಕಾಗದದ ಬೆನ್ನಿಗೇ ಮೇಲಧಿಕಾರಿಯ ಫೋನು ಬಂತು.

"ಹಾವೂ ಸಾಯಬಾರದು, ಕೋಲೂ ಮುರೀಬಾರದು. ಹಾಗೆ ನಾಲ್ಕು ಸಾಲು ಬರೆದು ಕಳಿಸಿ."

ಇನ್‌ಸ್ಪೆಕ್ಟರ್ ನಾಲ್ಕು ಸಾಲು ಬರೆಯಲಿಲ್ಲ. ಪ್ರಶ್ನೆಯನ್ನೇ ಮೂರು ಸಲ ಓದಿ ಗಡಿಯಾರನನ್ನು ಕರೆದರು.

"ನಮ್ಮ ಹತ್ರ ಇರೋದು ಒಂದು ದೂರು. ವಲಸೆ ಕಚೇರಿಯವರ ಹತ್ರ ನಾಲ್ಕು. ಮೂವತ್ತೇಳು ಎಲ್ಲಿಂದ ಬಂತು?"

"ರಾಜಕೀಯದೋರಲ್ವಾ ಮೇಡಂ. ಬಾಯಿಗೆ ಬಂದಿದ್ದು ಹೇಳಿರ್ತಾರೆ."

"ಬಾಯಿಗೆ ಬರೋದು ನಲವತ್ತು, ಐವತ್ತು. ಮೂವತ್ತೇಳು ಬಾಯಿಗೆ ಬರಲ್ಲ. ಅದನ್ನ ಯಾರೋ ಎಣಿಸಿದ್ದಾರೆ."

ಗುರುವಾರ ಒಂಬತ್ತೂವರೆಗೆ ಇಬ್ಬರೂ ಶಾಸಕಿಯ ಕಚೇರಿಯಲ್ಲಿದ್ದರು. ಹಿಂದೆ ಅಂಗಡಿಯಾಗಿದ್ದ ಎರಡು ಕೋಣೆ. ಹೊರಗಿನ ಬೆಂಚಿನ ಮೇಲೆ ಅರ್ಜಿ ಹಿಡಿದವರು, ಒಳಗೆ ಬಣ್ಣಬಣ್ಣದ ದಾರ ಕಟ್ಟಿದ ಕಡತಗಳು. ಆ ಕಡತಗಳ ನಡುವೆ ಶಾಸಕಿಯ ಆಪ್ತ ಸಹಾಯಕ ಕೂತಿದ್ದ. ಇಪ್ಪತ್ತೆರಡು ವರ್ಷಗಳಿಂದ ಶಾಸಕರಿಗೆ ಪ್ರಶ್ನೆ ಬರೆದುಕೊಡುವವನಾದ್ದರಿಂದ ಊರೆಲ್ಲ ಅವನಿಗೆ ಪ್ರಶ್ನೆ ಮಾಸ್ತರು ಎಂದೇ ಹೆಸರು. ಪಕ್ಷ ಬದಲಾಯಿತು, ಶಾಸಕರು ಬದಲಾದರು. ಮಾಸ್ತರು ಮತ್ತು ಮಾಸ್ತರ ಕುರ್ಚಿ ಮಾತ್ರ ಅಲ್ಲಾಡಲಿಲ್ಲ.

"ಈ ಮೂವತ್ತೇಳು ನಿಮಗೆ ಯಾರು ಹೇಳಿದ್ದು?" ಇನ್‌ಸ್ಪೆಕ್ಟರ್ ಶಾಸಕಿಯನ್ನು ಕೇಳಿದರು.

"ಆ ಆಸ್ಪತ್ರೆಯ ಹೆಂಗಸು ಹೋದ ವಾರ ನನ್ನ ಮುಂದೆ ಕೂತು ಅತ್ತಳು. ಹಿಂದೇನೇ ಇನ್ನಿಬ್ಬರು ಬಂದ್ರು. ಬಹಳ ಜನಕ್ಕೆ ಹಿಂಗಾಗಿದೆ, ಒಂದು ಪ್ರಶ್ನೆ ಬರೀರಿ ಅಂದೆ. ಮಾಸ್ತರು ಬರೆದ್ರು, ನಾನು ಸಹಿ ಹಾಕಿದೆ."

"ಅಂದ್ರೆ ನೀವು ಹೇಳಿದ್ದು 'ಬಹಳ ಜನ'?"

ಉತ್ತರ ಕೊಟ್ಟವನು ಮಾಸ್ತರು. "'ಬಹಳ ಜನ' ಅಂತ ಬರೆದ್ರೆ ಸದನದ ಕಾರ್ಯಾಲಯ ತಿರಸ್ಕರಿಸುತ್ತೆ ಮೇಡಂ. ಅಂಕಿ ಇಲ್ಲದ ಪ್ರಶ್ನೆ ಪ್ರಶ್ನೆಯೇ ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನದು ಒಂದೂ ವಾಪಸ್ ಬಂದಿಲ್ಲ." ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು.

"ಸರಿ. ಈ ಅಂಕಿ ಎಲ್ಲಿ ಸಿಕ್ತು?"

"ಪತ್ರಿಕೇಲಿ ಓದಿದ್ದೆ."

"ಪ್ರತಿ ಪ್ರಶ್ನೆಗೂ ಆಧಾರ ಇಟ್ಟಿರ್ತೀರಲ್ಲ. ತೋರಿಸಿ."

ಮಾಸ್ತರು ಕಡತ ತೆರೆದ. ಪ್ರತಿ ಪ್ರಶ್ನೆಯ ಎದುರು ಪತ್ರಿಕೆಯ ತುಣುಕೋ ಸುತ್ತೋಲೆಯ ಪ್ರತಿಯೋ ಅಚ್ಚುಕಟ್ಟಾಗಿ ಅಂಟಿಸಿತ್ತು. ಕೊನೆಯ ಪ್ರಶ್ನೆಯ ಎದುರು ಮಾತ್ರ ಹಾಳೆ ಖಾಲಿ. ಅವನು ಆ ಖಾಲಿ ಹಾಳೆಯನ್ನು ನೋಡಿದ. ತನ್ನ ಕೈಯಾರೆ ಏನು ಬರೆದುಬಿಟ್ಟೆ ಎಂಬುದು ಅವನಿಗೂ ಹೊಳೆದದ್ದು ಆಗಲೇ ಇರಬೇಕು. ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನು ಕಸುಬಿನ ಅಭ್ಯಾಸವೊಂದು ಹೊರಗೆ ಹಾಕಿತ್ತು.

"ಮಾಸ್ತರೇ, ಹೇಳಿ" ಅಂದರು ಶಾಸಕಿ. ಅವನು ಪೆನ್ನಿಗೆ ಮುಚ್ಚಳ ಹಾಕಿದ. ಶಾಸಕಿ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಹುಡುಕಿ. ನನ್ನ ಕೋಣೆಯೂ ಸೇರಿ."

ಪಕ್ಕದ ಜೆರಾಕ್ಸ್ ಅಂಗಡಿಯವನನ್ನೂ ಬೆಂಚಿನ ಮೇಲಿದ್ದ ನಿವೃತ್ತ ಶಿಕ್ಷಕರೊಬ್ಬರನ್ನೂ ಪಂಚರಾಗಿ ಕರೆದು, ಹತ್ತೂ ಹತ್ತಕ್ಕೆ ಪಂಚನಾಮೆ ಶುರುವಾಯಿತು. ಮಾಸ್ತರ ಮೇಜಿನ ಕೆಳಗಿನ ಡ್ರಾಯರಿಗೆ ಬೀಗವಿತ್ತು. ಒಳಗೆ ದಪ್ಪ ಕಾಗದ, ಒಂದು ರಬ್ಬರ್ ಮುದ್ರೆ, ಹಳೆಯ ಫೋನು, ಮೂವತ್ತೇಳು ಹೆಸರು ಬರೆದ ನೋಟುಪುಸ್ತಕ. ಎಲ್ಲಕ್ಕಿಂತ ಅಡಿಯಲ್ಲಿ ವಲಸೆ ಕಚೇರಿಯ ಪತ್ರಗಳ ಒಂದು ಕಟ್ಟು. ಹತ್ತು ಮನೆಗೆ ಒಂದೇ ಬಾಗಿಲಿರುವ ವಠಾರಗಳಲ್ಲಿ ಕಾಗದ ಕಳೆದುಹೋಗುತ್ತದೆಂದು ವಲಸಿಗರು ಅರ್ಜಿಯಲ್ಲಿ 'ಶಾಸಕರ ಕಚೇರಿ ಮಾರ್ಫತ್' ಎಂದು ವಿಳಾಸ ಕೊಟ್ಟಿದ್ದರು. ಅವರಿಗೆ ಬಂದ ಪತ್ರಗಳನ್ನು ಒಡೆದು, ಓದಿ, ಮತ್ತೆ ಮಡಿಸಿ ಇಡಲಾಗಿತ್ತು. ಮೇಲಿನಿಂದ ಎರಡನೆಯದು ಇಸ್ತ್ರಿ ಹಾಕುವ ಹೆಂಗಸನ್ನು ಸಂದರ್ಶನಕ್ಕೆ ಕರೆದ ಪತ್ರ.

ಅದನ್ನು ಓದಿ ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿಯಿತು. ಆದರೂ ದನಿ ಏರಿಸಲಿಲ್ಲ.

"ಇದನ್ನ ಯಾಕೆ ಕೊಡಲಿಲ್ಲ?"

"ಅಷ್ಟೊತ್ತಿಗೆ ಆಕೆ ಹತ್ರ ಚೀಟಿ ಇತ್ತು. ಸಂದರ್ಶನಕ್ಕೆ ಹೋಗಿ ಅದನ್ನ ತೋರಿಸಿದ್ರೆ..."

"ನೀವು ಸಿಕ್ಕಿಬೀಳ್ತಿದ್ರಿ."

"ಹೌದು."

ಹನ್ನೆರಡೂ ನಲವತ್ತಕ್ಕೆ ಬಂಧನ. ಹೊರಡುವ ಮುಂಚೆ ಇನ್‌ಸ್ಪೆಕ್ಟರ್ ಶಾಸಕಿಯನ್ನು ಕೇಳಿದರು, "ಪ್ರಶ್ನೆ ವಾಪಸ್ ತಗೋತೀರಾ?"

ಬೇಲಿಯೇ ಎದ್ದು ಹೊಲ ಮೇಯಿತೆಂದು ನಾಳೆ ಸದನ ನಗುವುದು ಶಾಸಕಿಗೆ ಈಗಲೇ ಕೇಳಿಸುತ್ತಿತ್ತು. "ಇಲ್ಲ" ಅಂದರು. "ನಿಮ್ಮ ಉತ್ತರದಲ್ಲಿ ನನ್ನ ಕಚೇರಿ ವಿಳಾಸ ಪೂರ್ತಿ ಬರೀರಿ. ನಾನೇ ಎದ್ದು ನಿಂತು ಕೇಳ್ತೀನಿ." ಮಾತು ಗಟ್ಟಿಯಾಗಿತ್ತು, ದನಿ ಅಷ್ಟಿರಲಿಲ್ಲ.

ಎರಡು ಗಂಟೆಗೆ ಠಾಣೆಯಲ್ಲಿ ಮಾಸ್ತರು ಹೇಳಿಕೆ ಕೊಟ್ಟ. ಗಡಿಯಾರ ಬರೆದುಕೊಂಡ.

"ವಲಸೆ ಅರ್ಜಿಗಳು ಎಷ್ಟು ಬಾಕಿ, ಯಾವಾಗ ತೀರ್ಮಾನ ಅಂತ ಹದಿನಾರು ಸಲ ಪ್ರಶ್ನೆ ಬರೆದೆ. ಹದಿನಾರು ಸಲವೂ 'ಪರಿಶೀಲನೆಯಲ್ಲಿದೆ' ಅಂತ ಬಂತು. ಸದನದಲ್ಲಿ ಹೇಳೋನು ಮಂತ್ರಿ. ಆ ಬೆಂಚಿನ ಮೇಲೆ ಕೂತೋರಿಗೆ ಹೇಳೋನು ನಾನು. ಒಂದು ದಿನ ಒಬ್ಬ ಗಾರೆ ಕೆಲಸದ ಅಜ್ಜನಿಗೆ ಬಾಯಿ ತಪ್ಪಿ 'ಆಯ್ತು' ಅಂದ್ಬಿಟ್ಟೆ. ಆ ಅಜ್ಜನ ಮುಖ ನೋಡಿದ ಮೇಲೆ ಇಲ್ಲ ಅನ್ನೋಕೆ ಆಗಲಿಲ್ಲ. ಚೀಟಿ ಮಾಡಿದೆ."

"ಅದು ಒಂದು. ಉಳಿದ ಮೂವತ್ತಾರು?"

ಮಾಸ್ತರು ತನ್ನ ಅಂಗೈ ನೋಡಿಕೊಂಡ. "'ಆಯ್ತು' ಅನ್ನೋ ಆ ಮಾತು ಹೇಳೋಕೆ ಚೆನ್ನಾಗಿತ್ತು ಮೇಡಂ."

ಗಡಿಯಾರ ಅದನ್ನೂ ಬರೆದ. ಹೊತ್ತು ಹಾಕುವುದನ್ನು ಮರೆತ.

ಶುಕ್ರವಾರ ಬೆಳಿಗ್ಗೆ ಸದನದಲ್ಲಿ ಶಾಸಕಿ ಎದ್ದು, ಆರೋಪಿ ತಮ್ಮ ಕಚೇರಿಯವನೇ ಎಂದು ತಾವೇ ಹೇಳಿದರು. ನಗುವವರು ನಕ್ಕರು. ಮುಕ್ತಾಯವಾದ ಆ ಮೂವತ್ತೇಳು ಅರ್ಜಿಗಳನ್ನು ಮತ್ತೆ ತೆರೆಯುತ್ತೀರಾ ಎಂದು ಕೇಳಿದ್ದಕ್ಕೆ, ವಿಷಯ ಪರಿಶೀಲನೆಯಲ್ಲಿದೆ ಎಂದು ಮಂತ್ರಿಗಳು ಉತ್ತರಿಸಿದರು.

ಸಂಜೆ ನಾಲ್ಕೂ ಹತ್ತಕ್ಕೆ, ಕೇಸು ಇತ್ಯರ್ಥವಾಗುವವರೆಗೆ ಹೊರಗೆ ಕಳಿಸುವ ಆದೇಶವನ್ನು ತಡೆಹಿಡಿದಿರುವುದಾಗಿ ವಲಸೆ ಅಧಿಕಾರಿ ಸಹಿ ಹಾಕಿ ಕೊಟ್ಟರು. ಇನ್‌ಸ್ಪೆಕ್ಟರ್ ಆ ಪ್ರತಿ ಹಿಡಿದು ಆಸ್ಪತ್ರೆಯ ಇಸ್ತ್ರಿ ಕೋಣೆಗೆ ತಾವೇ ಹೋದರು. ಹಬೆ ತುಂಬಿದ ಕೋಣೆಯಲ್ಲಿ ಆಕೆ ಹಾಸಿಗೆಯ ಬಿಳಿ ಬಟ್ಟೆಗಳನ್ನು ಮಡಿಸುತ್ತಿದ್ದಳು. ಡ್ರಾಯರಿನಲ್ಲಿ ಸಿಕ್ಕ ಪತ್ರದ ವಿಷಯವನ್ನೂ ಇನ್‌ಸ್ಪೆಕ್ಟರ್ ಮುಚ್ಚಿಡದೆ ಹೇಳಿದರು.

"ಹಂಗಾದ್ರೆ ನನ್ನ ಸರದಿ ಬಂದಿತ್ತಾ?" ಆಕೆ ಕೇಳಿದಳು.

"ಬಂದಿತ್ತು."

ಆಕೆ ಇನ್ನೆರಡು ಬಟ್ಟೆ ಮಡಿಸಿದಳು. ಕಣ್ಣೊರೆಸಿಕೊಂಡು ಆಮೇಲೆ ಕೇಳಿದಳು, "ಈ ಕೇಸು ಎಷ್ಟು ದಿನ ನಡೆಯುತ್ತೆ ಮೇಡಂ?"

"ಹೇಳೋಕಾಗಲ್ಲಮ್ಮ. ನಮ್ಮ ಕೋರ್ಟುಗಳು ನಿಮಗೆ ಗೊತ್ತಲ್ಲ. ಐದು ವರ್ಷ, ಆರು ವರ್ಷ."

"ಮಗಳೀಗ ನಾಲ್ಕನೇ ಕ್ಲಾಸು" ಅಂದಳು ಆಕೆ, ಬೆರಳು ಮಡಿಸುತ್ತ. ಹತ್ತನೇ ಕ್ಲಾಸಿನವರೆಗೆ ಎಣಿಸಿ ನಿಲ್ಲಿಸಿದಳು. "ನೀವು ಅವಸರ ಮಾಡಬೇಡಿ."