ಬೀಗ ಹಾಕು ಅಂದ ಬಾಯಿ

"ಆ ಬಾಗಿಲಿಗೆ ಬೀಗ ಹಾಕ್ಬೇಡಿ ಸಾರ್. ಬೇರೆ ಏನು ಬೇಕಾದ್ರೂ ಮಾಡಿ, ಅದೊಂದು ಬೇಡ."

ಹೀಗೆಂದು ಸೂಪರ್‌ವೈಸರ್ ಹೆಂಗಸು ಬಾಗಿಲಿಗೆ ಅಡ್ಡ ನಿಂತಳು. ಇಡೀ ಗಾರ್ಮೆಂಟ್ಸ್ ಫ್ಯಾಕ್ಟರಿ ಅವಳನ್ನು ಅಕ್ಕ ಎಂದೇ ಕರೆಯುತ್ತಿತ್ತು. ಹೊಸ ಮ್ಯಾನೇಜರನಿಗೆ ಮಾತ್ರ ಅವಳು ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ತಿಂಗಳ ಕೊನೆಗೆ ಲೆಕ್ಕ ಒಪ್ಪಿಸಬೇಕಾದ ಒಂದು ಸಾಲು ಮಷೀನುಗಳು, ಅಷ್ಟೆ. ಹಿಂದೆ ಕೆಲಸ ಮಾಡಿದ ಕಡೆಯಲ್ಲೆಲ್ಲ ಅವನಿಗೆ ಚಾಟಿ ಎಂಬ ಅಡ್ಡಹೆಸರಿತ್ತು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

"ಹಾಕಿದ್ರೆ ಏನಾಗುತ್ತೆ? ದೆವ್ವ ಬಂದು ಚಾವಿ ಕೇಳುತ್ತಾ?"

"ಮಾಟ ಮಾಡಿದಾರೆ ಸಾರ್."

"ನಿಮ್ಮ ಹುಡುಗಿಯರು ಸುಸ್ತು ಅಂತ ಎದ್ದೆದ್ದು ಹೋಗಿ ಮೆಟ್ಟಿಲ ಮೇಲೆ ನಿಲ್ತಾರಲ್ಲ, ಅದೇ ನನಗೆ ಹಿಡಿದಿರೋ ಮಾಟ. ಅದನ್ನ ಬಿಡಿಸೋ ಮಂತ್ರ ಇದು." ಅವನು ಚಾವಿಯನ್ನು ಬೆರಳಿಗೆ ಸಿಕ್ಕಿಸಿ ಗಿರಗಿರನೆ ತಿರುಗಿಸಿದ.

ಆ ಬಾಗಿಲ ಕತೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ವರ್ಷ ಮೇಲಿನ ಮಹಡಿಗೆ ಬೆಂಕಿ ಬಿದ್ದಾಗ ಇದೇ ತಗಡಿನ ಬಾಗಿಲಿಗೆ ಬೀಗ ಬಿದ್ದಿತ್ತು. ಅದರ ಹಿಂದೆ ಸಿಕ್ಕಿಕೊಂಡ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು, ಬೆಂದು ಸತ್ತಿದ್ದರು. ಕೆಲವು ಹೆಣಗಳನ್ನು ಬಿಡಿಸಲಾಗದೆ ಒಟ್ಟಿಗೇ ಹೂಳಬೇಕಾಯಿತು. ಯಾರ ತಪ್ಪು ಎಂದು ಊರು ಕೇಳಿದಾಗ ಕಂಪನಿ ಕಾವಲುಗಾರನತ್ತ ಬೆಟ್ಟು ಮಾಡಿತು. ಕುಡಿದಿದ್ದ, ಬೀಗ ಜಡಿದ, ಚಾವಿ ಕಳೆದ. ಜೈಲಿಗೆ ಹೋದ ಆ ಮನುಷ್ಯ ಒಂದೇ ಒಂದು ಮಾತಾಡಲಿಲ್ಲ. ಮೌನವೇ ಒಪ್ಪಿಗೆ ಎಂದು ಕಂಪನಿಯ ವಕೀಲರು ಹೇಳಿದರು. ಆಮೇಲೆ ಬಂದ ಮ್ಯಾನೇಜರ್ ಅದೇ ಬಾಗಿಲಿಗೆ ಮತ್ತೆ ಬೀಗ ಹಾಕಿದ ದಿನವೇ ಗಾಜಿನ ಕ್ಯಾಬಿನ್ನಿನಲ್ಲಿ ಸತ್ತು ಬಿದ್ದಿದ್ದ. ಹೃದಯಾಘಾತ ಎಂದರು. ಅವನ ಉಗುರಿನ ಸಂದಿನಲ್ಲಿ ಅವನದೇ ಕೆನ್ನೆಯ ಚರ್ಮ ಯಾಕಿತ್ತು ಎಂದು ಯಾರೂ ಕೇಳಲಿಲ್ಲ.

ಆ ಬೆಳಗ್ಗೆ ದೊಡ್ಡ ಯಜಮಾನರೇ ಫೋನ್ ಮಾಡಿದ್ದರು. "ಮೆಟ್ಟಿಲ ಬಾಗಿಲು ಹಾಕಿಸು. ಮಾಲು ಹೋಗೋವರೆಗೂ ತೆಗೀಬೇಡ. ನಾನು ಹೇಳಿದೆ ಅಂತ ಎಲ್ಲೂ ಬರಬಾರದು. ಗೊತ್ತಾಯ್ತಲ್ಲ?"

ಅವನಿಗೆ ಚೆನ್ನಾಗಿಯೇ ಗೊತ್ತಾಗಿತ್ತು.

ಮಧ್ಯಾಹ್ನದ ಊಟ ಮುಗಿದು ಹೆಂಗಸರೆಲ್ಲ ಮಷೀನಿನ ಮುಂದೆ ಕೂತ ಮೇಲೆ ಅವನು ಹೊರಗಿನಿಂದ ಬಾಗಿಲು ಎಳೆದು ಬೀಗ ಜಡಿದ. ಕಿಟಕಿಯಿಲ್ಲದ ಮೆಟ್ಟಿಲು ಅದು. ಗೋಡೆಗಳಿಗೆ ಎಣ್ಣೆ, ಬೆವರು, ಹೊಸ ಬಟ್ಟೆಯ ಗಂಜಿ ಸೇರಿದ ವಾಸನೆ. ಎರಡು ಮೆಟ್ಟಿಲು ಇಳಿದಿರಲಿಲ್ಲ, ಕರೆಂಟು ಹೋಯಿತು. ಒಳಗೆ ಮಷೀನುಗಳೆಲ್ಲ ಒಮ್ಮೆಗೇ ನಿಂತವು. ಕತ್ತಲು ಕಂಬಳಿಯಂತೆ ತಲೆಯ ಮೇಲೆ ಬಿತ್ತು.

"ಸಾರ್, ತೆಗೀರಿ! ಉಸಿರು ಕಟ್ತಾ ಇದೆ!" ಒಳಗಿನಿಂದ ಬಾಗಿಲು ಬಡಿಯತೊಡಗಿದರು. ಮೊದಲು ಒಬ್ಬಳು. ಆಮೇಲೆ ಹಲವರು.

ಕೂಗಲಿ, ಒಂದು ದಿನ ಕಲಿಯಲಿ ಎಂದುಕೊಂಡ. ಕಂಬಿ ಹಿಡಿದು ಇನ್ನೊಂದು ಮೆಟ್ಟಿಲಿಳಿದ.

ಆಗ ಆ ಸದ್ದು ಕೇಳಿತು. ಟಕ್. ಟಕ್. ಟಕ್. ಕರೆಂಟಿಲ್ಲದ ಫ್ಯಾಕ್ಟರಿಯಲ್ಲಿ ಒಂದೇ ಒಂದು ಹೊಲಿಗೆ ಮಷೀನು ಓಡುತ್ತಿತ್ತು. ಸದ್ದು ಬರುತ್ತಿದ್ದದ್ದು ಒಳಗಿನಿಂದಲ್ಲ. ಅವನ ಎಡಗಿವಿಯ ಪಕ್ಕದಿಂದ. ಅದರ ಹಿಂದೆಯೇ ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು.

ಏನೋ ಕಿವಿಗೆ ಚುಚ್ಚಿತು. ಕೈ ಮುಟ್ಟಿಕೊಂಡ. ಒದ್ದೆ. ಬೆರಳಿಗೆ ದಾರ ಸಿಕ್ಕಿತು. ಎಳೆದ. ಕಿವಿಯೇ ಎಳೆದುಬಂತು. ಸೂಜಿ ಕಾಣಲಿಲ್ಲ, ನೋವು ಮಾತ್ರ ಒಳಗೆ ಹೋಗಿ ಹೊರಗೆ ಬಂತು, ಒಳಗೆ ಹೋಗಿ ಹೊರಗೆ ಬಂತು. ಬಾಗಿಲು ಬಡಿಯುವ ಸದ್ದು ಅರ್ಧಕ್ಕಿಳಿಯಿತು. ಎಡಗಿವಿ ಮುಚ್ಚಿಹೋಗಿತ್ತು. ಕೆನ್ನೆಯ ಮೇಲೆ ಬಿಸಿ ರಕ್ತ ಇಳಿಯಿತು. ಈಗ ಸದ್ದು ಮುಖದ ಮುಂದೆ. ಟಕ್. ಎಡಗಣ್ಣಿನ ರೆಪ್ಪೆ. ಟಕ್. ಅವನು ಚೀರಿದ. ರೆಪ್ಪೆಯನ್ನು ಬೆರಳಿನಿಂದ ಹಿಗ್ಗಿಸಿ ಹಿಡಿದ. ಸೂಜಿ ಬೆರಳನ್ನೂ ಸೇರಿಸಿ ಹೊಲಿಯಿತು. ಚರ್ಮ ಹರಿದು ಬೆರಳು ಬಿಡಿಸಿಕೊಂಡ. ಮೇಲಕ್ಕೆ ತೆವಳಿದ. ಬೀಗ ಎಲ್ಲಿ? ಚಾವಿ ಎಲ್ಲಿ? ಚಾವಿ ಕೈಜಾರಿ ಬಿತ್ತು. ನೆಲ ತಡವಿದ. ಸಿಕ್ಕಿತು. ತಿರುಗಿಸಿದ.

ಬಾಗಿಲು ತೆರೆದದ್ದೇ ತಡ, ಸೂಜಿ ನಿಂತಿತು.

ಹೊರಗೆ ನುಗ್ಗಿದ ಹೆಂಗಸರು ಅವನ ಮುಖ ಕಂಡು ಹಿಂದಕ್ಕೆ ಸರಿದರು. ಎಡಗಣ್ಣಿನ ಮೇಲೂ ಎಡಗಿವಿಯ ಮೇಲೂ ಕರಿ ದಾರದ ಹೊಲಿಗೆ. ಸಣ್ಣಗೆ, ಸಮನಾಗಿ, ಪಳಗಿದ ಕೈಯ ಹೊಲಿಗೆ.

ಅಕ್ಕ ಅವನ ರಟ್ಟೆ ಹಿಡಿದು ಫ್ಯಾಕ್ಟರಿಯ ಹಿಂದಿನ ಓಣಿಗೆ ಕರೆದೊಯ್ದಳು. ಒಂದೇ ಕೋಣೆಯ ಮನೆ. ಒಳಗೆ ಕೂತಿದ್ದ ಹೆಂಗಸು ಎದ್ದು ನಿಲ್ಲಲಿಲ್ಲ. ಬೆಂಕಿಯಲ್ಲಿ ಸತ್ತವರಲ್ಲಿ ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಸಿಕ್ಕ ಹುಡುಗಿಯ ತಾಯಿ ಅವಳು. ಅವಳ ಮಡಿಲಲ್ಲಿ ಅಂಗೈಯಗಲದ ಒಂದು ಬಟ್ಟೆಗೊಂಬೆಯಿತ್ತು. ಸುಟ್ಟು ಕಪ್ಪಾದ ರವಿಕೆಯ ಬಟ್ಟೆ. ಕಣ್ಣು, ಕಿವಿ, ಮೂಗು, ಬಾಯಿ ಎಲ್ಲ ಹೊಲಿದಿದ್ದ ಗೊಂಬೆ.

ಅವನು ಮೊಣಕಾಲೂರಿದ. "ಬಿಚ್ಚು ತಾಯಿ. ನಿನ್ನ ಕಾಲಿಗೆ ಬೀಳ್ತೀನಿ."

"ಹೊಲಿಯೋದು ಗೊತ್ತು ನಂಗೆ. ಬಿಚ್ಚೋದು ಗೊತ್ತಿಲ್ಲ."

"ನಾನು ಹೊಸಬ. ನಾನು ಯಾರನ್ನೂ ಕೊಂದಿಲ್ಲ."

"ಇವತ್ತು ಬೆಂಕಿ ಬೀಳ್ಲಿಲ್ಲ. ಅಷ್ಟೇ."

ತಾಯಿ ಗೊಂಬೆಯ ತಲೆಯ ಮೇಲೆ ಕೈಯಾಡಿಸುತ್ತ, ಯಾರಿಗೋ ಹೇಳುವಂತೆ ಹೇಳಿದಳು. "ಬೀಗ ಹಾಕು ಅಂತ ಹೇಳಿದ್ದು ಯಾರು ಅಂತ ಒಬ್ಬರೂ ಬಾಯಿ ಬಿಡ್ಲಿಲ್ಲ. ಪೊಲೀಸರನ್ನ ಕೇಳಿದೆ, ವಕೀಲರನ್ನ ಕೇಳಿದೆ. ಕಂಪನಿ ಅಂದ್ರು. ಕಂಪನಿಗೆ ಮುಖ ಎಲ್ಲಿದೆ? ಯಾರ ಮುಖ ಅಂತ ಹೊಲೀಲಿ ನಾನು? ಅದಕ್ಕೆ ಸೂಜಿಗೇ ಹೇಳ್ದೆ. ಚಾವಿ ಹಿಡಿದ ಕೈಯಿಂದ ಶುರು ಮಾಡು, ಹಾಕು ಅಂದ ಬಾಯಿ ಸಿಗೋವರೆಗೂ ನಿಲ್ಲಬೇಡ ಅಂತ."

"ಹಾಗಾದ್ರೆ ಆ ಕಾವಲುಗಾರ? ಮೊದಲು ಚಾವಿ ಹಿಡಿದವನು ಅವನೇ ಅಲ್ವಾ? ಅವನು ಜೈಲಲ್ಲಿ ಆರಾಮಾಗಿದಾನೆ!"

ಅಕ್ಕ ತಲೆ ತಗ್ಗಿಸಿದಳು. "ಅವರು ಇವಳ ಗಂಡ ಸಾರ್."

"ಮಗಳು ಒಳಗಿದಾಳೆ ಅಂತ ಗೊತ್ತಿದ್ದೂ ತಿರುಗಿಸಿದ್ರು," ಎಂದಳು ತಾಯಿ. "ದಿನಾ ತಿರುಗಿಸ್ತಿದ್ರು. ಇಲ್ದಿದ್ರೆ ಕೆಲಸ ಹೋಗ್ತಿತ್ತು. ನನ್ನ ಸೂಜಿ ಮೊದಲು ನನ್ನ ಮನೇಗೇ ಬಂತು. ಅವರ ಬಾಯಿಗೇ ಮೊದಲು ಬಿತ್ತು ಹೊಲಿಗೆ. ಅವರೇ ಹೊಲ್ಕೊಂಡ್ರು ಅಂತ ಬರ್ಕೊಂಡ್ರು ಜೈಲಿನವರು. ಮೂಗಿಗೆ ನಳಿಗೆ ಹಾಕಿ ಹಾಲು ಹುಯ್ತಾರಂತೆ ಜೈಲಲ್ಲಿ. ಹೇಳ್ಬೇಕು ಅಂದ್ರೂ ಹೇಳೋಕಾಗಲ್ಲ ಈಗ. ನನ್ನ ಸಿಟ್ಟಿಗೆ ತಾಳ್ಮೆ ಇರ್ಲಿಲ್ಲ." ಅವಳು ಮೊದಲ ಸಲ ಅವನ ಮುಖ ನೋಡಿದಳು. "ನಿನಗಿನ್ನೂ ಬಾಯಿದೆ. ಹೇಳಿದವನು ಯಾರು ಅಂತ ಅವನ ಎದುರಿಗೇ ಹೇಳು. ದಾರ ತನ್ನ ದಾರಿ ತಾನು ಹಿಡಿಯುತ್ತೆ."

ಓಣಿ ದಾಟುವ ಮೊದಲೇ ಅವನ ಫೋನು ಬಡಿದುಕೊಂಡಿತು. ದೊಡ್ಡ ಯಜಮಾನರು.

"ನಾಳೆ ಆ ಬೆಂಕಿ ಕೇಸಿನ ತನಿಖೆಗೆ ಜಡ್ಜ್ ಬರ್ತಾರೆ. ನಾನೂ ಬರ್ತೀನಿ. ಬೀಗ ಹಾಕೋ ಪದ್ಧತಿನೇ ನಮ್ಮಲ್ಲಿಲ್ಲ, ಎಲ್ಲ ಆ ಕುಡುಕನದ್ದೇ ಕೆಲಸ ಅಂತ ಹೇಳಿಬಿಡು. ಮುಂದೆ ನೀನೇ ಡೈರೆಕ್ಟರ್. ಏನಂತೀಯಾ?"

ಇಲ್ಲ ಎನ್ನಬೇಕೆಂದೇ ಅವನು ಬಾಯಿ ತೆರೆದದ್ದು. ವರ್ಷಗಟ್ಟಲೆ ಪಳಗಿದ ನಾಲಿಗೆ. "ಆಯ್ತು ಸಾರ್," ಎಂದುಬಿಟ್ಟಿತು.

ಟಕ್. ಮೂಗಿನ ಒಂದು ಹೊಳ್ಳೆ. ನಡುರಸ್ತೆಯಲ್ಲಿ, ಹಗಲು ಬೆಳಕಿನಲ್ಲಿ, ಜನ ನೋಡುತ್ತಿರುವಂತೆಯೇ ಅವನು ಮುಖ ಹಿಡಿದುಕೊಂಡು ಕುಸಿದ. ತುಟಿಯ ತುದಿಗೆ ಒಂದು ಗಂಟು ಬಿದ್ದಿತ್ತು. ಮುಂದಿನದು ಎಲ್ಲಿಗೆ ಎಂದು ಸೂಜಿ ಗುರುತು ಮಾಡಿಟ್ಟಿತ್ತು.

ಮರುದಿನ ಮೇಲಿನ ಮಹಡಿ ತುಂಬ ಜನ. ತನಿಖೆಯ ಜಡ್ಜ್, ಕನ್ನಡಕದ ಗಂಭೀರ ಹೆಂಗಸು, ಆ ತಗಡಿನ ಬಾಗಿಲ ಮುಂದೆ ನಿಂತಿದ್ದರು. ಪಕ್ಕದಲ್ಲಿ ಪೊಲೀಸರು. ಮೆಟ್ಟಿಲ ಉದ್ದಕ್ಕೂ ಸತ್ತವರ ತಾಯಂದಿರು, ಗಂಡಂದಿರು. ಬಿಳಿ ಬಟ್ಟೆಯ ದೊಡ್ಡ ಯಜಮಾನರಿಂದ ದುಬಾರಿ ಅತ್ತರಿನ ಪರಿಮಳ ಬರುತ್ತಿತ್ತು. ಅವರು ಮ್ಯಾನೇಜರನ ಮುಖದ ಬ್ಯಾಂಡೇಜು ನೋಡಿ, "ಏನಯ್ಯಾ, ಹೆಂಡತಿ ಹೊಡೆದಳಾ?" ಎಂದು ನಕ್ಕರು.

"ಈ ಬಾಗಿಲಿಗೆ ಬೀಗ ಹಾಕೋಕೆ ಹೇಳಿದ್ದು ಯಾರು?" ಜಡ್ಜ್ ಕೇಳಿದರು.

"ನಮ್ಮಲ್ಲಿ ಆ ಪದ್ಧತಿನೇ ಇಲ್ಲ ಮೇಡಂ. ಬೇಕಾದ್ರೆ ಇವನನ್ನೇ ಕೇಳಿ." ಯಜಮಾನರ ಕೈ ಮ್ಯಾನೇಜರನ ಹೆಗಲ ಮೇಲೆ ಬಿತ್ತು. ಹಿಡಿತ ಬಿಗಿಯಾಗಿತ್ತು.

ಎಲ್ಲರೂ ಅವನತ್ತ ತಿರುಗಿದರು. ಅವನು ಉಸಿರೆಳೆದುಕೊಂಡ. ಒಂದು ಗಳಿಗೆ ತಡಮಾಡಿದ.

ಒಂದೇ ಗಳಿಗೆ.

ಟಕ್ ಟಕ್ ಟಕ್ ಟಕ್. ದಾರ ತುಟಿಯ ತುದಿಯಿಂದ ತುದಿಗೆ ಓಡಿತು. ಮೇಲಿನ ತುಟಿ, ಕೆಳಗಿನ ತುಟಿ. ಜಡ್ಜ್ ಎರಡು ಹೆಜ್ಜೆ ಹಿಂದೆ ಸರಿದರು. ಯಾರೋ ಕಿರುಚಿದರು. ಮಾತು ಅವನ ಬಾಯೊಳಗೇ ಉರುಳಾಡಿತು. ಹೊರಬರಲಿಲ್ಲ. ಉಳಿದ ಹೊಳ್ಳೆಗೂ ಸೂಜಿ ಚುಚ್ಚಿತು. ಉಸಿರಿಲ್ಲ. ಎದೆ ಬಿರಿಯಿತು. ಅವನು ಹತ್ತಿರದ ಮಷೀನಿನತ್ತ ನುಗ್ಗಿದ. ದಾರ ಕತ್ತರಿಸುವ ಸಣ್ಣ ಕತ್ತರಿ. ತೆಗೆದ. ತುದಿಯನ್ನು ತುಟಿಗಳ ನಡುವೆ ತೂರಿದ. ಅದುಮಿದ. ದಾರ ಹರಿಯಲಿಲ್ಲ. ದಾರ ಕಬ್ಬಿಣ. ತುಟಿ ಮಾಂಸ. ಹಾಗಾದರೆ ತುಟಿಯೇ ಹರಿಯಲಿ. ಕತ್ತರಿಸಿದ. ಇನ್ನೊಮ್ಮೆ ಕತ್ತರಿಸಿದ. ಬಿಸಿ ರಕ್ತ ಗದ್ದದ ಮೇಲೆ, ಅಂಗಿಯ ಮೇಲೆ, ಹೊಸ ಬಟ್ಟೆಯ ರಾಶಿಯ ಮೇಲೆ ಸುರಿಯಿತು. ಕತ್ತರಿ ಎಸೆದು ಎರಡೂ ಕೈಯಿಂದ ಬಾಯಿ ಹರಿದುಕೊಂಡ.

"ಇವ್ರು!" ರಕ್ತದ ಜೊತೆ ಮಾತು ಸಿಡಿಯಿತು. ಬೆರಳು ಯಜಮಾನರ ಎದೆಗೆ ನೆಟ್ಟಿತ್ತು. "ಇವ್ರೇ ಹೇಳಿದ್ದು. ನಿನ್ನೆ... ಬೆಳಗ್ಗೆ... ಫೋನ್ ಮಾಡಿ ಹೇಳಿದ್ರು. ಬೀಗ ಹಾಕು ಅಂದಿದ್ದು ಇವ್ರು. ಹಾಕಿದ್ದು ನಾನು!"

"ಹುಚ್ಚು ಹಿಡಿದಿದೆ ಇವನಿಗೆ," ಎಂದರು ಯಜಮಾನರು. "ಬೀಗ ಹಾಕೋಕೆ ನಾನು ಯಾವತ್ತೂ ಹೇ—"

ಮಾತು ಅಲ್ಲಿಗೇ ನಿಂತಿತು.

ಮ್ಯಾನೇಜರನ ಮುಖದಿಂದ ದಾರ ಸರಸರನೆ ಬಿಚ್ಚಿಕೊಂಡದ್ದನ್ನು ಅಲ್ಲಿದ್ದವರೆಲ್ಲ ಕಂಡರು. ಯಜಮಾನರ ತುಟಿಗಳು ಒಂದಕ್ಕೊಂದು ಸೇರಿದವು. ಕಿವಿಗಳು. ಒಂದು ಕಣ್ಣು. ಇನ್ನೊಂದು ಕಣ್ಣು. ಅವರು ಬಾಗಿಲಿನತ್ತ ಓಡಿದರು. ಬಾಗಿಲು ಹಾರು ಹೊಡೆದಿತ್ತು, ಆಚೆ ಜನ ನಿಂತಿದ್ದರು. ಕುರುಡಾದವರಿಗೆ ಅದು ಸಿಗಲಿಲ್ಲ. ತೆರೆದ ಬಾಗಿಲ ತಗಡನ್ನೇ ಬಡಿದರು. ಮುಷ್ಟಿಯಿಂದ ಬಡಿದರು. ತಲೆಯಿಂದ ಬಡಿದರು. ಹಣೆ ಒಡೆಯಿತು. ಉಗುರಿನಿಂದ ಪರಚಿದರು. ಬೆಂಕಿಯ ನಂತರ ಬಳಿದ ಹಸಿರು ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತು, ಅದರಡಿಯಲ್ಲಿ ಬೇರೆ ಉಗುರುಗಳ ಹಳೆಯ ಗೀರುಗಳಿದ್ದವು. ಪೊಲೀಸರು ಹಿಡಿದೆಳೆಯಲು ಹೋದರು, ಕೈಗೆ ಸೂಜಿ ಚುಚ್ಚಿದ್ದೇ ಹಿಡಿತ ಬಿಟ್ಟರು. ಮೂಗಿನ ಹೊಳ್ಳೆಗಳು ಕೊನೆಗೆ ಮುಚ್ಚಿದವು. ಬಿಳಿ ಬಟ್ಟೆಯ ದೇಹ ನೆಲದ ಮೇಲೆ ಮೀನಿನಂತೆ ಒದ್ದಾಡಿತು. ಮೆಟ್ಟಿಲ ಮೇಲಿನ ತಾಯಂದಿರಲ್ಲಿ ಒಬ್ಬಳೂ ಕಣ್ಣು ಮುಚ್ಚಲಿಲ್ಲ.

ಜಡ್ಜ್ ಕಂಡದ್ದನ್ನೆಲ್ಲ ಬರೆಯಲಿಲ್ಲ, ಬರೆದರೆ ಯಾರು ನಂಬುತ್ತಾರೆ? ಆದರೆ ಕೇಳಿದ್ದನ್ನೆಲ್ಲ ಬರೆದರು. ಯಜಮಾನರ ಫೋನು ತೆಗೆಸಿ ನೋಡಿದರು. ಬೀಗದ ವಿಷಯ ಗೊತ್ತಿದ್ದೂ ಸುಮ್ಮನಿದ್ದ ಉಳಿದ ಡೈರೆಕ್ಟರುಗಳು ಒಬ್ಬೊಬ್ಬರಾಗಿ ಕಟಕಟೆ ಹತ್ತಿದರು. ಫ್ಯಾಕ್ಟರಿ ಮುಚ್ಚಿತು. ಆ ಮಧ್ಯಾಹ್ನ ಜನರನ್ನು ಒಳಗೆ ಕೂಡಿಹಾಕಿದ್ದಕ್ಕೆ ಮ್ಯಾನೇಜರನಿಗೂ ಶಿಕ್ಷೆಯಾಯಿತು. ಅವನು ವಕೀಲನನ್ನು ಇಟ್ಟುಕೊಳ್ಳಲಿಲ್ಲ.

ಯಜಮಾನರು ಸತ್ತ ದಿನವೇ ಜೈಲಿನಲ್ಲಿ ಕಾವಲುಗಾರನ ತುಟಿ ಬಿಟ್ಟುಕೊಂಡಿತ್ತು. ಬಿಡುಗಡೆಗೆ ಅರ್ಜಿ ಹಾಕೋಣ ಎಂದು ಜೈಲಿನ ಅಧಿಕಾರಿ ಹೇಳಿದರೆ, "ಹೇಳಿದ್ದು ಅವರು. ತಿರುಗಿಸಿದ್ದು ಈ ಕೈ," ಎಂದು ಅವನು ಅಂಗೈ ತೋರಿಸಿದನಂತೆ. ಪ್ರತಿ ವಾರ ಹೆಂಡತಿ ಬಂದು ಕಂಬಿಯಾಚೆ ಕೂರುತ್ತಿದ್ದಳು. ಅವಳು ಕ್ಷಮೆ ಕೇಳಲಿಲ್ಲ, ಅವನೂ ಕೇಳಲಿಲ್ಲ. ಇಬ್ಬರೂ ಅತ್ತ ಮೇಲೆ ಅವಳು ಎದ್ದು ಹೋಗುತ್ತಿದ್ದಳು.

ಮ್ಯಾನೇಜರನನ್ನು ತಂದು ಬಿಟ್ಟದ್ದು ಕಾವಲುಗಾರನಿದ್ದ ಕೋಣೆಗೇ. ಅವನ ತುಟಿಗಳು ಮೀನಿನ ಕಿವಿರಿನಂತೆ ಸೀಳಿ ಮಾಗಿದ್ದವು. ಮಾತಾಡಿದರೆ ಜೊಲ್ಲು ಸೋರುತ್ತಿತ್ತು. ಕಾವಲುಗಾರ ಚಾಪೆಯ ಮೇಲಿಂದ ಆ ತುಟಿಗಳನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ನೀವು ಬೀಗ ಹಾಕಿದಾಗ ಒಳಗಿಂದ ಕೂಗಿದ್ರಾ?"

ಕೇಳಿಸಲಿಲ್ಲ ಎನ್ನುವುದು ಸುಲಭವಿತ್ತು. ಮ್ಯಾನೇಜರ್ ಗೋಡೆ ಹಿಡಿದು ನಿಂತ.

"ಕೂಗಿದ್ರು. ಕೇಳಿಸ್ತು."

"ನನಗೂ ಕೇಳಿಸಿತ್ತು," ಎಂದ ಕಾವಲುಗಾರ. "ಅಪ್ಪಾ ಅಂತ."

ಅವನು ಚಾಪೆಯ ಒಂದು ಬದಿಗೆ ಸರಿದು ಜಾಗ ಬಿಟ್ಟ.