ಸುರಪುರ ದಾರಿಯಲ್ಲಿ ಆರಿದ ದೀಪ

ಶವ ಹೊಲದ ಬದುವಿನ ಮೇಲೆ ಬಿದ್ದಿತ್ತು. ಹತ್ತು ಮಾರು ಆಚೆ ಪಂಪಣ್ಣನ ಹಳೆಯ ಮೋಟಾರು ನಿಂತಿತ್ತು. ಎಡದೀಪ ಪುಡಿಪುಡಿ; ಅದರ ಗಾಜಿನ ಚೂರು ಶವದ ಅಂಗಿಯೊಳಗೂ ಇದ್ದವು.

೧೯೫೨ರ ಮಾತು. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ. ಸತ್ತವನು ಕುರಿಗಾರ ಸೂಗಪ್ಪ. ಸುರಪುರದ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಸುಕಿನಲ್ಲೇ ನಡೆದು ಹೊರಟಿದ್ದ.

"ದೀಪ ಏಕಾಏಕಿ ಆರಿದ್ವು, ಅಮೀನಸಾಬ್ರ," ಎಂದ ಹತ್ತಿ ವ್ಯಾಪಾರಿ ಪಂಪಣ್ಣ. "ಏನೂ ಕಾಣಲಿಲ್ರಿ. ನಿನ್ನೆ ಫಕ್ರುದ್ದೀನ ರಿಪೇರಿ ಮಾಡ್ಯಾನ. ಅವನ್ನ ಕೇಳ್ರಿ."

ನಿಜಾಮರ ಆಡಳಿತ ಹೋಗಿ ನಾಲ್ಕು ವರ್ಷವಾಗಿತ್ತು. ಆದರೂ ಸಬ್‌ಇನ್ಸ್‌ಪೆಕ್ಟರ್ ಭಗವಂತರಾಯರು ಜನರ ಬಾಯಲ್ಲಿ ಇನ್ನೂ ಅಮೀನಸಾಬರೇ. ಅವರು ಸೂಗಪ್ಪನ ಹೆಂಡತಿ ಚಂದಮ್ಮನ ಕಡೆ ತಿರುಗಿದರು.

"ಯಾರ ಮ್ಯಾಲ ಸಾಕ್ಷಿ ಇತ್ತವ್ವ?"

"ಮನ್ಯಾಗ ಹೇಳಿದ್ದಿಲ್ರಿ. ಭಾಳ ಅಂಜಿದ್ದ."

ಅವರು ಕೋರ್ಟಿನಲ್ಲಿ ವಿಚಾರಿಸಲು ಒಬ್ಬ ಪೇದೆಯನ್ನು ಸುರಪುರಕ್ಕೆ ಓಡಿಸಿದರು.

*

ಮೋಟಾರನ್ನು ಠಾಣೆಗೆ ಎಳೆದು ತಂದರು. ಪಂಪಣ್ಣ, ಚಂದಮ್ಮ ಹಿಂದೆಯೇ ಬಂದರು. ಮೆಕ್ಯಾನಿಕ್ ಫಕ್ರುದ್ದೀನನನ್ನೂ ತಂದರು. ಅವನ ಹೆಂಡತಿ ಅನ್ವರಬಿ ಗೇಟಿನ ಹೊರಗೆ ಸೆರಗು ಕಚ್ಚಿ ನಿಂತಳು.

"ತಪ್ಪು ನಿಂದಾದ್ರ ಜೈಲು. ಎಲ್ಲಿ ಕೆಟ್ಟದ, ಹುಡುಕು," ಎಂದರು ಭಗವಂತರಾಯರು.

ಫಕ್ರುದ್ದೀನ ಹಾರ್ನ್ ಒತ್ತಿದ. ಕೂಗಿತು. "ಬ್ಯಾಟರಿ ಚಲೋ ಅದರಿ." ಫ್ಯೂಸ್ ಸರಿಯಿತ್ತು. ಬಲದೀಪಕ್ಕೆ ಬ್ಯಾಟರಿಯಿಂದ ನೇರ ಎರಡು ತಂತಿ ಕೊಟ್ಟ. ಉರಿಯಿತು. ಬಾನೆಟ್ಟಿನೊಳಗೆ ಬಗ್ಗಿ ನೋಡಿದ. ಎರಡೂ ದೀಪಗಳ ಅರ್ಥಿಂಗ್ ತಂತಿ ಜೋತಾಡುತ್ತಿತ್ತು. ಅದನ್ನು ಬಿಗಿದಿದ್ದ ನಟ್ಟೇ ಇಲ್ಲ; ಆ ತಂತಿ ಕಳಚಿದರೆ ಎರಡೂ ದೀಪ ಆರುತ್ತವೆ.

"ನಾ ಬಿಗದಿದ್ದೆ ಸಾಬ್. ಖುದಾನಾಣೆ!"

"ನಾ ಹೇಳಿದ್ದಿಲ್ಲೇನ್ರಿ?" ಎಂದ ಪಂಪಣ್ಣ.

ಪೇದೆ ಬೇಡಿ ಹೊರತೆಗೆದ. ಗೇಟಿನಲ್ಲಿ ಅನ್ವರಬಿ ಚೀರಿದಳು. ಫಕ್ರುದ್ದೀನ ಒಡೆದ ಎಡದೀಪವನ್ನೇ ನೋಡುತ್ತಿದ್ದ.

"ಸಾಬ್, ಎರಡು ಬಲ್ಬು ತರಿಸ್ರಿ. ಆಮ್ಯಾಲ ಬೇಡಿ ಹಾಕ್ರಿ."

*

ಫಕ್ರುದ್ದೀನ ಒಂದು ಬಲ್ಬನ್ನು ಹೊತ್ತಿಸಿ ಒಡೆದ. ಬಿಳಿ ಹೊಗೆ ಎದ್ದಿತು. ಒಳಗಿನ ತಂತಿ ಸುಟ್ಟು ಕಪ್ಪಾಯಿತು. ಇನ್ನೊಂದನ್ನು ಹೊತ್ತಿಸದೆ ಒಡೆದ. ತಂತಿ ಮಿರಮಿರ ಮಿಂಚಿತು.

ಭಗವಂತರಾಯರು ಎಡದೀಪಕ್ಕೆ ಬಗ್ಗಿದರು. ಬಲ್ಬಿನ ತಂತಿ ಕಪ್ಪಾಗಿತ್ತು. ಬುಡದಲ್ಲಿ ಬಿಳಿ ಬೂದಿ.

"ಒಡೆಯುವಾಗ ಇದು ಉರಿಯಾಕತ್ತಿತ್ತು," ಎಂದರು. "ಇದರ ಗಾಜು ಸೂಗಪ್ಪನ ಅಂಗಿಯೊಳಗ ಸಿಕ್ಕದ. ಅಂದ್ರ ಅವನಿಗಿ ಬಡಿಯುವಾಗ ದೀಪ ಇತ್ತು."

"ಬಡದ ಮ್ಯಾಲ ನಟ್ಟು ಉದುರಿರಬೇಕ್ರಿ!" ಎಂದ ಪಂಪಣ್ಣ.

"ಮೊದಲೇ ಆರಿದ್ವು ಅಂದಿದ್ದಿ ನೀ."

ಪೇದೆ ಡ್ರೈವರ್ ಸೀಟು ಎತ್ತಿದ. ಸಾಮಾನಿನ ಡಬ್ಬಿಯಲ್ಲಿ ನಟ್ಟು ಬಿಚ್ಚುವ ಪಕ್ಕಡ್ ಇತ್ತು. ಅದರ ಪಕ್ಕದಲ್ಲೇ ನಟ್ಟು.

"ನಟ್ಟು ತಾನೇ ನಡಕೋತ ಡಬ್ಬ್ಯಾಗ ಕೂಡಲ್ಲ. ಕೊಂದ ಮ್ಯಾಲ ನೀನೇ ಬಿಚ್ಚಿದಿ, ಮೆಕ್ಯಾನಿಕ್‌ನ ಕೊರಳಿಗಿ ಕಟ್ಟಾಕ. ಸುರಪುರದಿಂದ ಖಬರ್ ಬಂದದ. ನಿನ್ನ ತಮ್ಮ ಬಣವಿಗಿ ಬೆಂಕಿ ಹಚ್ಚಿದ್ದನ್ನ ಸೂಗಪ್ಪ ಕಂಡಿದ್ದ. ಆ ಬೆಂಕ್ಯಾಗ ಒಬ್ಬ ಆಳು ಸತ್ತಾನ. ಇವತ್ತಿನ ಸಾಕ್ಷಿ ಅದೇ."

ಬೇಡಿ ಪಂಪಣ್ಣನ ಕೈಗೆ ಬಿತ್ತು.

ಫಕ್ರುದ್ದೀನ ಮೆಟ್ಟಿಲ ಮೇಲೆ ಕುಸಿದು ಕುಳಿತ. ಅನ್ವರಬಿ ಓಡಿ ಬಂದು ಅವನ ಭುಜ ಹಿಡಿದಳು. ಅಷ್ಟರಲ್ಲಿ ಚಂದಮ್ಮ ಎದುರಿಗೆ ಬಂದು ನಿಂತಳು.

"ದೀಪ ಇತ್ತಂದ್ರ... ನನ್ನ ಗಂಡ ಹೊಳ್ಳಿ ನೋಡಿರಬೇಕಲ್ಲಪ್ಪ? ಅವನ ಮಾರಿ ಕಂಡೂ ಆ ಪಂಪಣ್ಣ ಬಡದನೇನು?"

ಫಕ್ರುದ್ದೀನ ತಲೆ ತಗ್ಗಿಸಿದ.

"ಹೌದವ್ವ," ಎಂದ.